ಮೇಲಿನ ಮನೆಗೆ ಹೋಗುವ ಬಿಸಿ

ಓರಗಿತ್ತಿಯ ಸರದ ಮೇಲೋ ಎದುರುಮನೆಯವರ ಕಾರಿನ ಮೇಲೋ ಹೊಟ್ಟೆಕಿಚ್ಚು ಪಡುವುದು ಲೋಕರೂಢಿ. ನಾನು ಹೊಟ್ಟೆಕಿಚ್ಚು ಪಡುವುದು ಒಂದು ಮಹಡಿಯ ಮೇಲೆ. ಅದು ನಮ್ಮ ಕಟ್ಟಡದ ಮೂರನೆಯ ಮಹಡಿ. ನಾವಿರುವುದು ಎರಡನೆಯದರಲ್ಲಿ, ಲಂಡನ್ನಿನ ಕೊಲಿಂಡೇಲ್ ಸ್ಟೇಷನ್ನಿನಿಂದ ಏಳೆಂಟು ನಿಮಿಷ ನಡೆದರೆ ಸಿಗುವ, ಒಂದರ ಭುಜಕ್ಕೊಂದು ಭುಜ ತಾಗಿಸಿ ನಿಂತ ಹೊಸ ಕಟ್ಟಡಗಳ ಪೈಕಿ ಒಂದರಲ್ಲಿ. ಚಳಿಗಾಲದ ಸಂಜೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಶಾಲು ಹೊದ್ದು, ಸೋಫಾದಲ್ಲಿ ಒರಗಿ ನಾನು ಛಾವಣಿಯನ್ನೇ ನೋಡುತ್ತ ಕೂರುತ್ತೇನೆ. ಏನು ಯೋಚನೆ ಎಂದು ನಮ್ಮ ಯಜಮಾನರು ಕೇಳಿದರೆ ಏನಿಲ್ಲ ಎನ್ನುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ನನ್ನ ಮನೆಯ ಬಿಸಿ ಈಗ ಎಷ್ಟು ಮೇಲೆ ಹೋಗಿರಬಹುದು ಎಂದು ನಾನು ಲೆಕ್ಕ ಹಾಕುತ್ತಿರುತ್ತೇನೆ.

ಮೇಲಿನ ಮನೆಯಲ್ಲಿರುವವರು ವಾರಿಜಕ್ಕ. ಕುಂದಾಪುರದ ಕಡೆಯವರು, ವಯಸ್ಸು ಐವತ್ತೈದರ ಆಸುಪಾಸು. ಗಂಡ ವೆಂಬ್ಲಿಯ ಒಂದು ಹೋಟೆಲಿನಲ್ಲಿ ಅಡುಗೆಯವರು. ಒಬ್ಬನೇ ಮಗ, ಕೆಲಸದ ಮೇಲೆ ಲೀಡ್ಸಿನಲ್ಲಿದ್ದಾನೆ. ನಾವು ಈ ಫ್ಲ್ಯಾಟಿಗೆ ಬಂದ ಮೊದಲ ಚಳಿಗಾಲದಲ್ಲಿ ಅವರು ಕಾಫಿಗೆ ಕರೆದಿದ್ದರು. ನಾನು ಕೋಟು, ಟೋಪಿ, ಮಫ್ಲರ್ ಸಮೇತ ಮೆಟ್ಟಿಲು ಹತ್ತಿ ಹೋದರೆ ಅವರು ತೆಳ್ಳಗಿನ ಹತ್ತಿ ಸೀರೆಯಲ್ಲಿ, ಬರಿಗಾಲಲ್ಲಿ ಬಂದು ಬಾಗಿಲು ತೆಗೆದರು. ಮನೆ ಹಿತವಾಗಿ ಬೆಚ್ಚಗಿತ್ತು. ಹೀಟಿಂಗ್ ಎಷ್ಟಕ್ಕೆ ಇಡುತ್ತೀರಿ ಎಂದು ಕೇಳಿದೆ. "ನಾವು ಹೀಟಿಂಗ್ ಹಾಕುದೇ ಇಲ್ಲ ಮಾರಾಯ್ರೆ. ಮನೆ ಅದರಷ್ಟಕ್ಕೇ ಬೆಚ್ಚಗೆ ಇತ್ತ್" ಎಂದರು, ಏನೋ ದೇವರು ಕೊಟ್ಟ ವರ ಎಂಬಂತೆ. ಆ ದೇವರು ಯಾರೆಂದು ನನಗೆ ತಕ್ಷಣ ಗೊತ್ತಾಯಿತು. ಅವರ ನೆಲ ಎಂದರೆ ನನ್ನ ಛಾವಣಿ. ನನ್ನ ರೇಡಿಯೇಟರಿನ ಬಿಸಿಗಾಳಿ ಮೇಲೇರಿ ಛಾವಣಿಯನ್ನು ಕಾಯಿಸುತ್ತದೆ, ಕಾದ ಛಾವಣಿ ಅವರ ಬರಿಗಾಲನ್ನು ಕಾಯಿಸುತ್ತದೆ. ನನ್ನ ಮನೆಯಲ್ಲಿ ನನ್ನ ತಲೆ ಬೆಚ್ಚಗೆ, ಕಾಲು ತಣ್ಣಗೆ. ಅವರು ಕೊಟ್ಟ ಕಾಫಿ ಚೆನ್ನಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ, ಅದನ್ನೂ ನನಗೆ ಸಹಿಸಲಾಗಲಿಲ್ಲ.

ಇದೆಲ್ಲ ನನಗೆ ಅಷ್ಟು ಬೇಗ ಹೊಳೆಯಲು ಕಾರಣವಿದೆ. ನಾನು ಹಿಂದೆ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಆರು ವರ್ಷ ಭೂಗೋಳ ಕಲಿಸಿದವಳು. ಈಗ ಇಲ್ಲಿ ಕೌನ್ಸಿಲ್ ಕಚೇರಿಯಲ್ಲಿ ಕೂತು, ಕಸದ ಗಾಡಿ ಯಾವ ವಾರ ಬರುತ್ತದೆ ಎಂದು ಕೇಳುವವರಿಗೆ ಉತ್ತರ ಬರೆಯುತ್ತೇನೆ. ಆದರೆ ಒಳಗಿನ ಭೂಗೋಳದ ಟೀಚರು ಎಲ್ಲಿಗೂ ಹೋಗಿಲ್ಲ. ಬೋರ್ಡಿನ ತುಂಬ ಒಂದು ದೊಡ್ಡ ವೃತ್ತ ಬರೆದು, ನಡುವೆ ಅಡ್ಡಗೆರೆ ಎಳೆದು, ಬಿಸಿಗೆ ಕೆಂಪು ಸೀಮೆಸುಣ್ಣ, ತಂಪಿಗೆ ನೀಲಿ ಸೀಮೆಸುಣ್ಣ ಹಿಡಿದು ನಾನು ಬಾಣ ಬಿಡುತ್ತಿದ್ದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಇಡೀ ಪಠ್ಯದಲ್ಲಿ ನನಗೆ ಅತಿ ಪ್ರಿಯವಾದ ಪಾಠ ಅದೇ ಆಗಿತ್ತು: ಭೂಮಿಯ ಮೇಲೆ ಬಿಸಿ ಹೇಗೆ ಊರೂರು ತಿರುಗುತ್ತದೆ ಎಂಬುದು.

ಭೂಮಧ್ಯರೇಖೆಯ ಸೀಮೆ ಭೂಮಿಯ ಅಡುಗೆಮನೆ. ಅಲ್ಲಿ ಸೂರ್ಯ ನೆತ್ತಿಯ ಮೇಲೆಯೇ ನಿಂತು ಬೇಯಿಸುತ್ತಾನೆ. ಧ್ರುವಗಳು ಹೊರಜಗಲಿ, ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ, ಬಿದ್ದದ್ದಕ್ಕಿಂತ ಹೆಚ್ಚು ಬಿಸಿ ಆಕಾಶಕ್ಕೆ ಹೋಗಿಬಿಡುತ್ತದೆ. ಹೀಗೇ ಬಿಟ್ಟರೆ ಅಡುಗೆಮನೆ ವರ್ಷದಿಂದ ವರ್ಷಕ್ಕೆ ಸುಡಬೇಕು, ಜಗಲಿ ಹೆಪ್ಪುಗಟ್ಟುತ್ತಲೇ ಹೋಗಬೇಕು. ಹಾಗಾಗುವುದಿಲ್ಲ, ಏಕೆಂದರೆ ಗಾಳಿ ಮತ್ತು ಸಮುದ್ರ ಎಂಬ ಇಬ್ಬರು ಬಡಿಸುವವರು ಪುರುಸೊತ್ತಿಲ್ಲದೆ ಓಡಾಡುತ್ತಿರುತ್ತಾರೆ. ಬಿಸಿಗಾಳಿ ಮೇಲೇರಿ, ಎತ್ತರದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಹರಡಿ, ದಾರಿಯಲ್ಲಿ ತಣಿದು, ಮರುಭೂಮಿಗಳಿರುವ ಕಡೆ ಕೆಳಗಿಳಿಯುತ್ತದೆ. ಅಲ್ಲಿಂದ ಒಂದಿಷ್ಟು ಹಿಂದಕ್ಕೆ ಹರಿದರೆ, ಇನ್ನೊಂದಿಷ್ಟನ್ನು ಮುಂದಿನ ಗಾಳಿ ಎತ್ತಿಕೊಂಡು ಹೋಗುತ್ತದೆ. ಸಮುದ್ರದ ನೀರು ಆವಿಯಾಗುವಾಗ ಒಡಲಲ್ಲಿ ಬಿಸಿಯನ್ನು ಬಚ್ಚಿಟ್ಟುಕೊಂಡು ಹೊರಡುತ್ತದೆ, ಎಲ್ಲೋ ದೂರದಲ್ಲಿ ಮೋಡವಾಗುವಾಗ ಅದನ್ನು ಬಿಟ್ಟುಕೊಡುತ್ತದೆ. ಮಕ್ಕಳಿಗೆ ನಾನು ಹೇಳುತ್ತಿದ್ದೆ, ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ, ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ ಎಂದು.

ಆಗ ಲಂಡನ್ ನನಗೆ ನಕ್ಷೆಯ ಮೇಲಿನ ಒಂದು ಚುಕ್ಕೆ. ಇಲ್ಲಿಂದ ನೇರ ಪಶ್ಚಿಮಕ್ಕೆ ಬೆರಳು ಜಾರಿಸಿಕೊಂಡು ಸಮುದ್ರ ದಾಟಿದರೆ ಕೆನಡಾದ ಲ್ಯಾಬ್ರಡಾರ್ ಕರಾವಳಿ ಸಿಗುತ್ತದೆ. ಅದೇ ಅಕ್ಷಾಂಶ, ಅಷ್ಟೇ ಬಿಸಿಲು. ಆದರೆ ಅಲ್ಲಿ ಚಳಿಗಾಲದಲ್ಲಿ ಸಮುದ್ರವೇ ಕಲ್ಲಾಗುತ್ತದೆ, ಇಲ್ಲಿ ನಮ್ಮ ಪಾರ್ಕಿನ ಹುಲ್ಲು ಡಿಸೆಂಬರಿನಲ್ಲೂ ಹಸಿರಾಗಿಯೇ ಇರುತ್ತದೆ. ಉಷ್ಣವಲಯದ ಬಿಸಿಲು ಕುಡಿದ ನೀರು ಅಟ್ಲಾಂಟಿಕ್ ದಾಟಿ ಈ ದೇಶದವರ ಬಾಗಿಲಿಗೆ ಬರುತ್ತದೆ, ಪಶ್ಚಿಮದ ಗಾಳಿ ಅದರ ಬಿಸಿಯನ್ನು ಎತ್ತಿ ಮನೆಮನೆಗೆ ಹಂಚುತ್ತದೆ. ಇವರೋ, ಅದನ್ನು ಹುಟ್ಟಿದಾರಭ್ಯ ಅನುಭವಿಸುತ್ತ, ಹತ್ತು ಡಿಗ್ರಿ ಆದರೂ "ಅಯ್ಯೋ ಏನು ಚಳಿ" ಎಂದು ಗೊಣಗುತ್ತಾರೆ. ಬಿಸಿಲಿನಲ್ಲಿ ಬೆಂದವರು ಯಾರೋ, ಬೆಚ್ಚಗಿರುವವರು ಯಾರೋ. ಆ ಕಾಫಿ ಕುಡಿದು ಬಂದ ಚಳಿಗಾಲದಲ್ಲಿ ಟ್ಯೂಬ್ ರೈಲಿನಲ್ಲಿ ಕೂತ ಪ್ರತಿಯೊಬ್ಬರ ಮುಖ ನೋಡಿದಾಗಲೂ ನನಗೆ ಇವರೆಲ್ಲ ಮೂರನೆಯ ಮಹಡಿಯವರ ಹಾಗೆಯೇ ಕಾಣುತ್ತಿದ್ದರು.

ಇನ್ನೂ ಒಂದು ಸಂಕಟವಿದೆ. ಸಮುದ್ರದ ನೀರು ಒಂದೇ ಕಡಲಿನಲ್ಲಿ ಇರುವುದಿಲ್ಲ. ನಮ್ಮ ಕಡೆಯ ಹಿಂದೂ ಮಹಾಸಾಗರದ ಬೆಚ್ಚನೆಯ ನೀರು ಸ್ವಲ್ಪ ಸ್ವಲ್ಪವಾಗಿ ಆಫ್ರಿಕದ ತುದಿಯನ್ನು ಬಳಸಿ ಅಟ್ಲಾಂಟಿಕ್‌ಗೆ ಸೇರುತ್ತದೆ. ವರ್ಷಗಟ್ಟಲೆ ಹಿಡಿಯಬಹುದು, ಆದರೆ ಕುಂದಾಪುರದ ಕಡಲಿನ ಒಂದು ಹನಿ ಒಂದಲ್ಲ ಒಂದು ದಿನ ಇಂಗ್ಲೆಂಡಿನ ದಂಡೆಗೆ ಬಂದೀತು. ಅಂದರೆ ವಾರಿಜಕ್ಕನ ಊರಿಗೆ ಈ ಮಹಾಕಾರ್ಯದಲ್ಲಿ ಪಾಲಿದೆ. ಧಾರವಾಡಕ್ಕೆ ಏನಿದೆ? ನಮಗೆ ಸಮುದ್ರವಿಲ್ಲ, ದೊಡ್ಡ ಹೊಳೆಯೂ ಊರ ಹತ್ತಿರವಿಲ್ಲ. ಏಪ್ರಿಲ್ ತಿಂಗಳ ಬಿಸಿಗಾಳಿ ಒಂದು ಇದೆ, ಅದೂ ಎಲ್ಲಿ ಹೋಗುತ್ತದೆಂದು ನಾನು ಆರು ವರ್ಷ ಪಾಠ ಮಾಡಿಯೂ ಖಚಿತವಾಗಿ ಹೇಳಲಾರೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಹೊಟ್ಟೆಕಿಚ್ಚು ನಗುವ ವಿಷಯವಾಗಿಯೇ ಉಳಿಯುತ್ತಿತ್ತು. ಆದರೆ ಬಿಸಿಯ ಹಿಂದೆಯೇ ಮೇಲಿನ ಮನೆಗೆ ನನ್ನ ಮಗಳೂ ಹೋದಳು.

ಮೇಧಾಳಿಗೆ ಒಂಬತ್ತು ವರ್ಷ. ಶಾಲೆ ಬಿಡುವುದು ಮೂರೂವರೆಗೆ, ನಾನು ಕಚೇರಿಯಿಂದ ಬರುವುದು ಆರಕ್ಕೆ. ನಡುವಿನ ಹೊತ್ತು ಅವಳನ್ನು ನೋಡಿಕೊಳ್ಳುತ್ತೀರಾ ಎಂದು ವಾರಿಜಕ್ಕನನ್ನು ಕೇಳಿದವಳು ನಾನೇ. ಅವರು ಒಂದು ಕ್ಷಣವೂ ಯೋಚಿಸದೆ ಒಪ್ಪಿದರು. ತಿಂಗಳೊಳಗೆ ಅವರು ಅವಳಿಗೆ ದೊಡ್ಡಮ್ಮ ಆದರು. ಅದಕ್ಕೂ ನನ್ನ ತಕರಾರಿಲ್ಲ. ನನಗೆ ನುಂಗಲಾರದ ತುತ್ತಾದದ್ದು ಬೇರೆ. ಹುಟ್ಟಿದಾಗಿನಿಂದ ನಾನು ಅವಳ ಜೊತೆ ಕನ್ನಡದಲ್ಲೇ ಮಾತಾಡಿದ್ದೇನೆ, ಅವಳು ಎಲ್ಲವನ್ನೂ ತಿಳಿದುಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದಾಳೆ. ಊಟಕ್ಕೆ ಬಾರವ್ವಾ ಎಂದರೆ "ಕಮಿಂಗ್". ಯಾಕೆ ಅಳುತ್ತಿ ಎಂದರೆ "ನಥಿಂಗ್". ಒಂಬತ್ತು ವರ್ಷ ಹೀಗೆ ಬಾವಿಗೆ ಕೊಡ ಇಳಿಸುತ್ತ, ಬರಿ ಕೊಡ ಎಳೆಯುತ್ತ ಬಂದಿದ್ದೆ. ಒಂದು ಸಂಜೆ ಅವಳನ್ನು ಕರೆತರಲು ಮೇಲೆ ಹೋದಾಗ ಒಳಗಿನಿಂದ ಒಂದು ಮಗುವಿನ ದನಿ ಕೇಳಿಸಿತು. "ದೊಡ್ಡಮ್ಮ, ಇನ್ನೊಂಚೂರ್ ಹಾಕಿ. ಸಾಕ್, ಸಾಕ್." ಯಾರೋ ನೆಂಟರ ಮಗು ಬಂದಿರಬೇಕು ಎಂದುಕೊಂಡೆ. ಬಾಗಿಲು ತೆರೆದಾಗ ಒಳಗೆ ಇದ್ದ ಮಗು ಒಂದೇ, ನನ್ನದು. ನನ್ನನ್ನು ನೋಡಿ "ಹಾಯ್ ಅಮ್ಮ, ಆಮ್ ನಾಟ್ ಡನ್ ಯೆಟ್" ಎಂದಳು.

ಎಂಥ ತಾಯಿಯೂ ಸಂತೋಷಪಡಬೇಕಾದ ಗಳಿಗೆ ಅದು. ನಾನು ಮೆಟ್ಟಿಲು ಇಳಿಯುವಾಗ ಹಲ್ಲು ಕಚ್ಚಿಕೊಂಡಿದ್ದೆ. ನನ್ನ ಮಗಳು ಕನ್ನಡ ಮಾತಾಡಬೇಕೆಂದು ನಾನು ಹರಕೆ ಹೊತ್ತವಳ ಹಾಗೆ ಕಾದಿದ್ದು ನಿಜ. ಆದರೆ ಆ ಕನ್ನಡ ನನ್ನ ಕಿವಿಗೆ ಮೊದಲು ಬೀಳಬೇಕು ಎಂಬ ಷರತ್ತು ಆ ಹರಕೆಯಲ್ಲಿ ಇತ್ತೆಂದು ನನಗೇ ಆವತ್ತು ತಿಳಿಯಿತು.

ಅದಾದ ಮೇಲೆ ನವೆಂಬರಿನಲ್ಲಿ ಶಾಲೆಯಿಂದ ಒಂದು ಪ್ರಾಜೆಕ್ಟ್ ಬಂತು. ಬಿಸಿ ಭೂಮಿಯ ಸುತ್ತ ಹೇಗೆ ಚಲಿಸುತ್ತದೆ ಎಂದು ಮಾಡಿ ತೋರಿಸಬೇಕು. ನೀವೇ ಹೇಳಿ, ಇದಕ್ಕಿಂತ ದೊಡ್ಡ ಅವಕಾಶ ದೇವರು ನನಗೆ ಕೊಡಲು ಸಾಧ್ಯವಿತ್ತೇ? ಶನಿವಾರ ಬೆಳಗ್ಗೆ ದೊಡ್ಡ ಹಾಳೆ ತಂದೆ. ಕೆಂಪು, ನೀಲಿ ಬಣ್ಣದ ಪೆನ್ನು ತಂದೆ. ತಟ್ಟೆ ಇಟ್ಟು ವೃತ್ತ ಬರೆದೆ. ಕೈ ಮರೆತಿರಲಿಲ್ಲ, ಬಾಣಗಳು ಮೊದಲಿನ ಹಾಗೆಯೇ ಬಂದವು. ಮಗಳನ್ನು ಕರೆದರೆ ಅವಳು ಹಾಳೆ ನೋಡಿ, ಪಾಪ ಅನ್ನುವ ಮುಖ ಮಾಡಿ, "ಇಟ್ಸ್ ಡನ್, ಅಮ್ಮ. ದೊಡ್ಡಮ್ಮ ಅಂಡ್ ಮಿ" ಎಂದಳು.

ಹೇಗೆ ಮಾಡಿದಿರಿ ಎಂದು ಕೇಳಿದೆ. ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಿದಳು. ವಾರಿಜಕ್ಕ ಪುನರ್ಪುಳಿಯ, ಅಂದರೆ ಕೋಕಮ್ ಹಣ್ಣಿನ, ರಸವನ್ನು ಫ್ರೀಜರಿನಲ್ಲಿಟ್ಟು ಕೆಂಪು ಮಂಜುಗಡ್ಡೆ ಮಾಡಿದ್ದಾರೆ. ಗಾಜಿನ ಪಾತ್ರೆಯಲ್ಲಿ ಉಗುರುಬೆಚ್ಚನೆಯ ನೀರು, ಒಂದು ತುದಿಯಲ್ಲಿ ಆ ಮಂಜುಗಡ್ಡೆ. ಅದು ಕರಗುತ್ತ ಕೆಂಪು ನೀರು ಜಾರಿ ತಳಕ್ಕೆ ಇಳಿದು, ತಳದಲ್ಲೇ ಮೆಲ್ಲಗೆ ಇನ್ನೊಂದು ತುದಿಗೆ ಹರಿಯುತ್ತದೆ. ಗ್ರೀನ್‌ಲ್ಯಾಂಡಿನ ಹತ್ತಿರ ಸಮುದ್ರ ಮಾಡುವುದೂ ಅದೇ. ಬಿಸಿಯನ್ನೆಲ್ಲ ಗಾಳಿಗೆ ಕೊಟ್ಟು, ತಣಿದು, ಉಪ್ಪಿನಿಂದ ಭಾರವಾಗಿ, ತಳಕ್ಕೆ ಮುಳುಗಿ, ಕತ್ತಲಲ್ಲೇ ದಕ್ಷಿಣಕ್ಕೆ ಹೊರಡುತ್ತದೆ. ಆ ನೀರು ಒಂದು ಸುತ್ತು ಬರಲು ನೂರಾರು ವರ್ಷ ಬೇಕು. ನನ್ನ ಆರು ವರ್ಷದ ಸೀಮೆಸುಣ್ಣ ತೋರಿಸಲಾರದ್ದನ್ನು ಪುನರ್ಪುಳಿ ಐದು ನಿಮಿಷದಲ್ಲಿ ತೋರಿಸಿತ್ತು. ಟೀಚರಾಗಿ ನನಗೆ ಅದು ತುಂಬ ಚೆನ್ನಾಗಿ ಕಂಡಿತು. ನಾನು "ಚಲೋ ಆಗೇದ" ಎಂದು ಹೇಳಿ, ನನ್ನ ಹಾಳೆಯನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟೆ.

ಈಗ ಹೆಪ್ಪಿನ ವಿಷಯಕ್ಕೆ ಬರಬೇಕು. ದೀಪ ಹಚ್ಚಿದ ಮೇಲೆ ಮನೆಯಿಂದ ಉಪ್ಪು, ಹಾಲು, ಮೊಸರಿನ ಹೆಪ್ಪು ಹೊರಗೆ ಕೊಡಬಾರದು ಎಂಬುದು ನಿಮಗೂ ಗೊತ್ತಿರುವ ಪದ್ಧತಿ. ಧಾರವಾಡದಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ, ದೀಪ ಹಚ್ಚುವುದು ಆರೂವರೆಗೆ, ಬೇಕಾದವರು ಅಷ್ಟರೊಳಗೆ ಬಟ್ಟಲು ಹಿಡಿದು ಬಂದು ಹೋಗುತ್ತಿದ್ದರು. ಆ ಪದ್ಧತಿ ಮಾಡಿದ ಹಿರಿಯರು ಭೂಮಿಯ ಅಕ್ಷ ಓರೆಯಾಗಿದೆ ಎಂಬುದನ್ನು ಗಮನಕ್ಕೆ ತೆಗೆದುಕೊಂಡಿಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಊಟ ಮುಗಿಸಿ ಕೈ ತೊಳೆದ ಮೇಲೂ ಊರಿಗೆಲ್ಲ ಹೆಪ್ಪು ಹಂಚಬಹುದು. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೇ ಅವನು ಕಟ್ಟಿಕೊಂಡು ಹೊರಟುಬಿಡುತ್ತಾನೆ. ಕೆಲಸಕ್ಕೆ ಹೋಗುವ ಹೆಂಗಸು ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಮನೆಗೆ ಬಂದು ಶಾಸ್ತ್ರೋಕ್ತವಾಗಿ ಒಂದು ಚಮಚ ಹೆಪ್ಪು ಕೊಡುವುದು ಸಾಧ್ಯವೇ ಇಲ್ಲ. ಹಾಗಾಗಿ ನಾವು ಇಲ್ಲಿನವರು ಗಡಿಯಾರ ನೋಡಿ ನಮಗೆ ಅನುಕೂಲವಾದ ಸೂರ್ಯಾಸ್ತವನ್ನು ಇಟ್ಟುಕೊಂಡಿದ್ದೇವೆ. ನಾನೂ ಎಷ್ಟೋ ಸಲ ಏಳು ಗಂಟೆಗೆ ಕೊಟ್ಟಿದ್ದೇನೆ.

ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಂದು ದಿನ, ನಾಲ್ಕೂಕಾಲಿಗೆ ವಾರಿಜಕ್ಕ ಒಂದು ಪುಟ್ಟ ಬಟ್ಟಲು ಹಿಡಿದು ಬಂದರು. ಮೇಧಾ ಸೋಫಾದ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದಳು. ಅವರ ಯಜಮಾನರು ಗೊತ್ತಿಲ್ಲದೆ ತಳದಲ್ಲಿದ್ದ ಮೊಸರನ್ನೆಲ್ಲ ಅನ್ನಕ್ಕೆ ಸುರಿದುಕೊಂಡಿದ್ದರಂತೆ, ಒಂದು ಚಮಚ ಹೆಪ್ಪು ಬೇಕಿತ್ತು. ಅವರ ಮನೆಯ ಮೊಸರು ನನ್ನದಕ್ಕಿಂತ ಯಾವಾಗಲೂ ಗಟ್ಟಿ. ನನ್ನ ಬಿಸಿಯಲ್ಲಿ ಹೆಪ್ಪುಗಟ್ಟಿದ ಮೊಸರು ಅದು. ಅದರ ಜೊತೆಗೆ ಪುನರ್ಪುಳಿ ನೆನಪಾಯಿತು, "ಇನ್ನೊಂಚೂರ್ ಹಾಕಿ" ನೆನಪಾಯಿತು. ಕಿಟಕಿಯ ಹೊರಗೆ ಬೀದಿದೀಪ ಹತ್ತಿತ್ತು.

"ದೀಪಾ ಹಚ್ಚಿಬಿಟ್ಟೇನ್ರೀ ವಾರಿಜಕ್ಕಾ. ಇನ್ನ ಹೆಪ್ಪು ಕೊಡಂಗಿಲ್ಲ ನಮ್ಮ ಕಡೆ" ಎಂದೆ.

ದೇವರ ಮುಂದೆ ದೀಪವಿನ್ನೂ ಹಚ್ಚಿರಲಿಲ್ಲ. ಅವರು ದೇವರ ಗೂಡಿನ ಕಡೆ ಒಮ್ಮೆ ನೋಡಿದರು, ನನ್ನ ಕಡೆ ನೋಡಿದರು, "ಹೌದಲ್ದಾ, ನಮ್ಮಲ್ಲೂ ಹಾಂಗೇ" ಎಂದು ನಕ್ಕು ಮೇಲೆ ಹೋದರು. ಜಗತ್ತಿನಲ್ಲಿ ಇಷ್ಟು ಖಗೋಳಶಾಸ್ತ್ರ ಬಳಸಿ ಇಷ್ಟು ಸಣ್ಣ ಕೆಲಸ ಮಾಡಿದವರು ಬೇರೆ ಯಾರೂ ಇರಲಾರರು. ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಮೊಸರು ಸೇರಲಿಲ್ಲ.

ಮರುದಿನ ಬೆಳಗ್ಗೆ ಎಂಟೂಕಾಲಿಗೆ ಶಾಲೆಗೆ ಹೊರಟ ಮೇಧಾ ಕೈಯಲ್ಲಿ ಬಟ್ಟಲು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಬಟ್ಟಲಲ್ಲಿ ಎರಡು ಚಮಚ ಮೊಸರು. ಎಲ್ಲಿಗೆ ಎಂದು ಕೇಳಿದೆ. ದೊಡ್ಡಮ್ಮನಿಗೆ, ಸೂರ್ಯ ಬಂದಾಯಿತಲ್ಲ ಎಂದಳು ಇಂಗ್ಲಿಷಿನಲ್ಲಿ, ಕಿಟಕಿಯ ಕಡೆ ಕೈ ತೋರಿಸಿ. ಕಾನೂನಿನ ಪ್ರಕಾರ ಅವಳ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಅವಳು ಮೆಟ್ಟಿಲು ಹತ್ತುವ ಸದ್ದು ಕೇಳುತ್ತ ನಿಂತೆ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ನಾಚಿಕೆ ಹೊಟ್ಟೆಕಿಚ್ಚನ್ನು ಆರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ವಾರವೇ ನಾನು ಮೇಧಾಳನ್ನು ಶಾಲೆಯಲ್ಲೇ ನಡೆಯುವ ಸಂಜೆಯ ಕ್ಲಬ್ಬಿಗೆ ಸೇರಿಸಿದೆ. ಅಲ್ಲಿ ಡ್ರಾಯಿಂಗ್ ಇದೆ, ಚೆಸ್ ಇದೆ, ಮಗುವಿಗೆ ನಾಲ್ಕು ಜನರ ಒಡನಾಟ ಬೇಕು ಎಂದೆಲ್ಲ ವಾರಿಜಕ್ಕನಿಗೆ ಹೇಳಿದೆ. ಅವರು ಒಳ್ಳೆಯದಾಯಿತು ಎಂದರು. ಅವಳಿಗೆಂದು ಮಾಡಿದ್ದ ಗೋಳಿಬಜೆಯನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು.

ಮೂರು ವಾರ ಮಗಳು ಪೂರ್ತಿ ನನ್ನವಳಾಗಿದ್ದಳು. ಆ ಮೂರು ವಾರ ಅವಳ ಬಾಯಿಂದ ನಾನು ಕೇಳಿದ್ದು "ಫೈನ್", "ಓಕೆ", "ನಾಟ್ ಹಂಗ್ರಿ" ಇಷ್ಟೇ. ಅತ್ತು ರಂಪ ಮಾಡಿದ್ದರೆ ನಾನೂ ಜಗಳವಾಡಿ ಹಗುರಾಗಬಹುದಿತ್ತು. ಅವಳು ಏನೂ ಮಾಡಲಿಲ್ಲ, ಸುಮ್ಮನಾದಳು. ಒಂದು ಸಂಜೆ ನಾನು ಅವಳು ಕೂತ ಸೋಫಾದ ಇನ್ನೊಂದು ತುದಿಯಲ್ಲಿ ಕೂತು ನೋಡುತ್ತೇನೆ, ಅವಳೂ ಛಾವಣಿ ನೋಡುತ್ತಿದ್ದಾಳೆ.

ಭಾನುವಾರ ಬೆಳಗ್ಗೆ ಧಾರವಾಡಕ್ಕೆ ಫೋನ್ ಮಾಡುವುದು ನಮ್ಮ ರೂಢಿ. ನನ್ನ ಅವ್ವ ಅಣ್ಣನ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳ ಮೇಲೆಲ್ಲ ಜೋರು ಮಾಡಿಕೊಂಡು ಗಟ್ಟಿಯಾಗಿದ್ದಾಳೆ. ಮೇಧಾ ಫೋನಿನ ಮುಂದೆ ಬಂದು "ಹಾಯ್ ಅಜ್ಜಿ, ಆಮ್ ಫೈನ್" ಎಂದು ಕೈ ಬೀಸಿ ಓಡುವುದೂ ರೂಢಿಯೇ. ಆವತ್ತು ಅವ್ವ ಸುಮ್ಮನೆ ಒಂದು ಮಾತು ಕೇಳಿದಳು, ಅಲ್ಲಿ ಅಷ್ಟು ಚಳಿಯಂತೆ, ಸೂರ್ಯನೇ ಇಲ್ಲವಂತೆ, ಮತ್ತೆ ನೀವೆಲ್ಲ ಹೇಗೆ ಬದುಕಿದ್ದೀರಿ ಎಂದು. ಮೇಧಾ ಓಡಲಿಲ್ಲ. ಕೂತಳು. ನನ್ನ ಕಡೆ ಬೆನ್ನು ಮಾಡಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಜ್ಜಿ, ಅಲ್ಲಿ ಬಿಸಿಲ್ ಭಾಳ ಇತ್ತ್ ಅಲ್ದಾ? ಆ ಬಿಸಿ ಸಮುದ್ರದ ಮ್ಯಾಲೆ ಕೂತು ಇಲ್ಲಿಗೆ ಬತ್ತ್. ಗಾಳಿ ಅದನ್ನ ತಗೊಂಡು ನಮ್ಮ ಮನೀಗೆ ಕೊಡ್ತ್. ಆಮ್ಯಾಲೆ ನೀರು ತಣ್ಣಗ ಆಗಿ ಕೆಳಗ ಮುಳುಗಿ ಹೊಳ್ಳಿ ಹೋತ್ತ್. ಮತ್ತ ಬಿಸಿ ಆಗಿ ಮತ್ತ ಬತ್ತ್."

ಅವ್ವ ಫೋನಿಗೆ ಮುಖವನ್ನು ಇನ್ನಷ್ಟು ಹತ್ತಿರ ತಂದಳು. ಆಮೇಲೆ, "ಏ ಇವಳ ಬಾಯಾಗ ಸಮುದ್ರ ಯಾವಾಗ ಬಂತು? ನಮ್ಮೂರಾಗ ಕೆರಿ ನೀರಿಗೇ ಗತಿ ಇಲ್ಲ" ಎಂದು ನಗತೊಡಗಿದಳು. ಮೇಧಾ ಕೂಡ ನಕ್ಕಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡೆ.

ಭೂಗೋಳದವರಲ್ಲಿ ಒಂದು ಜಗಳವಿದೆ. ಇಂಗ್ಲೆಂಡಿನ ಚಳಿಗಾಲ ಬೆಚ್ಚಗಿರುವುದರ ಶ್ರೇಯಸ್ಸು ಸಮುದ್ರಕ್ಕೆ ಸೇರಬೇಕೋ ಗಾಳಿಗೆ ಸೇರಬೇಕೋ ಎಂದು. ನಾವು ಓದುವ ಕಾಲಕ್ಕೆ ಎಲ್ಲ ಹೆಗ್ಗಳಿಕೆಯೂ ಸಮುದ್ರದ್ದೇ ಆಗಿತ್ತು. ಆಮೇಲೆ ಕೆಲವರು, ಇಲ್ಲ, ಪಶ್ಚಿಮದ ಗಾಳಿ ಬೀಸದಿದ್ದರೆ ಆ ಸಮುದ್ರದ ಬಿಸಿ ಸಮುದ್ರದಲ್ಲೇ ಇರುತ್ತಿತ್ತು ಎಂದರು. ಇನ್ನು ಕೆಲವರು, ಬೇಸಿಗೆ ಇಡೀ ಕಡಲು ಮೌನವಾಗಿ ಬಿಸಿಯನ್ನು ಕೂಡಿಟ್ಟುಕೊಂಡಿರದಿದ್ದರೆ ಗಾಳಿ ಏನನ್ನು ಹೊತ್ತು ತರುತ್ತಿತ್ತು ಎಂದರು. ನಲ್ಲಿ ನೀರಿನ ಮುಂದೆ ನಿಂತು ನಾನು ಮಗಳ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಸಿದೆ. ಇತ್ತ್, ಬತ್ತ್, ಹೋತ್ತ್, ಅದೆಲ್ಲ ಮೇಲಿನ ಮನೆಯದು. ಆದರೆ ಭಾಳ? ಮ್ಯಾಲೆ? ತಣ್ಣಗ? ಹೊಳ್ಳಿ? ಕುಂದಾಪುರದಲ್ಲಿ ಯಾರೂ ಹೊಳ್ಳಿ ಹೋಗುವುದಿಲ್ಲ, ವಾಪಸು ಹೋಗುತ್ತಾರೆ; ಹೊಳ್ಳಿ ಹೋಗುವವರು ನಾವು ಧಾರವಾಡದವರು. ಒಂಬತ್ತು ವರ್ಷ ನಾನು ಇಳಿಸಿದ ಕೊಡಗಳು ಬರಿದಾಗಿ ಬಂದವೆಂದು ನಾನು ಅಂದುಕೊಂಡಿದ್ದೆ, ಅದೆಲ್ಲ ಒಳಗೇ ಇತ್ತು. ನಾನು ಕೊಟ್ಟದ್ದನ್ನು ಹೊರಗೆ ತರಲು ನನ್ನ ಕೈಯಲ್ಲಿ ಆಗಿರಲಿಲ್ಲ, ಅಷ್ಟೇ. ಕಾರಣ ನನಗೆ ಈಗಲೂ ಪೂರ್ತಿ ಗೊತ್ತಿಲ್ಲ. ಬಹುಶಃ ಅಮ್ಮನ ಎದುರು ತಪ್ಪು ಮಾತಾಡಲು ಮಕ್ಕಳಿಗೆ ಸಂಕೋಚ, ಅದರಲ್ಲೂ ಅಮ್ಮ ಟೀಚರಾಗಿದ್ದರೆ.

ಸೋಮವಾರ ಅರ್ಧ ದಿನ ರಜೆ ಹಾಕಿ, ಶಾಲೆಯಿಂದ ಅವಳನ್ನು ನಾನೇ ಕರೆದುಕೊಂಡು ಬಂದೆ. ಲಿಫ್ಟಿನಲ್ಲಿ ಅವಳು ಎರಡನ್ನು ಒತ್ತಿದಳು. ನಾನು ಮೂರನ್ನು ಒತ್ತಿದೆ. ಅವಳು ನನ್ನ ಮುಖ ನೋಡಿದಳು, ಬಾಗಿಲು ತೆರೆಯುವ ಮೊದಲೇ ಚೀಲದ ಪಟ್ಟಿಯನ್ನು ಹೆಗಲಿನಿಂದ ಇಳಿಸಿಕೊಂಡಳು, ಒಳಗೆ ಹೋಗಿ ಎಸೆಯಲು ಸಿದ್ಧವಾಗಿ.

ವಾರಿಜಕ್ಕ ಅವಳನ್ನು ನೋಡಿದ್ದೇ ತಡ ಒಳಗೆ ಎಳೆದುಕೊಂಡರು. ಅವಳು ಅಡುಗೆಮನೆಗೆ ಓಡಿದಳು, ತನ್ನ ಮನೆಯೇ ಎಂಬಂತೆ. ನಾನು ಬಾಗಿಲಲ್ಲೇ ನಿಂತು, ಕ್ಲಬ್ಬು ಅವಳಿಗೆ ಒಗ್ಗಲಿಲ್ಲ ಎಂದು ಶುರುಮಾಡಿದೆ. ಆಮೇಲೆ ಅದು ಸುಳ್ಳೆಂದು ನಾನೇ ಹೇಳಿದೆ. ಆವತ್ತು ದೀಪ ಹಚ್ಚಿರಲಿಲ್ಲ ಎಂದೂ ಹೇಳಿದೆ. ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು, ಅವಳು ನಿಮ್ಮ ಹತ್ತಿರ ಆಡುವ ಕನ್ನಡವನ್ನು ನನ್ನ ಹತ್ತಿರ ಆಡುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅಷ್ಟೂ ಮಾತನ್ನು ಅವರ ಬೆಚ್ಚನೆಯ ನೆಲದ ಮೇಲೆ ನಿಂತೇ ಹೇಳಿದ್ದು.

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿದರು.

"ನಿಮ್ಗೆ ಗೊತ್ತಿಲ್ಲ. ಇಲ್ಲಿ ಬಂದ್ರೆ ಅವ್ಳಿಗೆ ನಿಮ್ಮದೇ ಸುದ್ದಿ. ನಾನು ಎಂತ ಹೇಳಿರೂ, ನಮ್ಮಮ್ಮ ಹಾಂಗ್ ಹೇಳುದಲ್ಲ ಅಂತ ತಿದ್ದುದು. ಅಮ್ಮ ಬೋರ್ಡಿನ ತುಂಬ ಬಾಣ ಬರೀತಿದ್ರಂತೆ, ಇಡೀ ಕ್ಲಾಸ್ ಕಣ್ಣ್ ಬಿಟ್ಕಂಡ್ ಕಾಣ್ತಿತ್ತಂತೆ. ಆ ಪುನರ್ಪುಳಿ ಮಾಡಿದ್ದೂ, ಅಮ್ಮನಿಗೆ ತೋರ್ಸುಕೆ ಚಂದ ಆಯ್ಕ್ ಅಂತ ಮೂರ್ ಸಲ ಮಾಡ್ಸಿದ್ಲ್. ನನ್ನ ಮಗ ನನ್ನ ಸುದ್ದಿ ಹೀಂಗೆ ಯಾರ ಹತ್ರವೂ ಹೇಳಿರ್ಲಿಕ್ಕಿಲ್ಲ." ಸ್ವಲ್ಪ ತಡೆದು, "ಹೇಳ್ರೆ ಬೇಜಾರ್ ಮಾಡ್ಬೇಡಿ, ನಂಗೂ ನಿಮ್ಮ ಮೇಲೆ ಹೊಟ್ಟೆಕಿಚ್ಚು ಇತ್ತ್" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಏನಾದರೂ ಹೇಳಬೇಕಿತ್ತು, ಲೀಡ್ಸಿನಲ್ಲಿರುವ ಮಗನ ಬಗ್ಗೆ ಸಮಾಧಾನದ ಒಂದು ಮಾತಾದರೂ. ನಿಜ ಹೇಳಬೇಕೆಂದರೆ ನನ್ನೊಳಗೆ ಬೇರೆಯದೇ ಒಂದು ನಡೆಯುತ್ತಿತ್ತು. ಇಷ್ಟು ವರ್ಷ ಊರಿನವರ ಮೇಲೆ, ಇಲ್ಲಿನವರ ಮೇಲೆ, ಹುಲ್ಲಿನ ಮೇಲೆ, ಮಹಡಿಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ನನ್ನ ಮೇಲೆ ಯಾರಾದರೂ ಪಟ್ಟದ್ದು ಇದೇ ಮೊದಲು. ಅದು ಎಷ್ಟು ಸುಖವಾಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಅಡುಗೆಮನೆಯಿಂದ ಮೇಧಾ ತಲೆ ಹೊರಗೆ ಹಾಕಿ, ಈಗಲೇ ಕೆಳಗೆ ಹೋಗಬೇಕೇ ಎಂದು ಕಣ್ಣಿನಲ್ಲೇ ಕೇಳಿದಳು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಇನ್ನೂ ಒಂದು ತಾಸು ಇಲ್ಲೇ ಇರು ಎಂದು ಹೇಳಿ, ನಾನೊಬ್ಬಳೇ ಮೆಟ್ಟಿಲು ಇಳಿದು ಬಂದೆ.